ಅಕ್ಕನ ಹೂಂ

ಪಕ್ಕದ ಮನೆಯ ಸೊಸೆ ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಿದ್ದಾಳೆ. ದಿನಾ ಬೆಳಿಗ್ಗೆ ಕೂಸಿಗೆ ಎರೆದಾದ ಮೇಲೆ ಅವಳತ್ತೆ ಸಾಣೆಕಲ್ಲಿನ ಮೇಲೆ ಬಜೆಬೇರು ತೇಯುತ್ತಾಳೆ. ನಮ್ಮ ಹೊಸಪೇಟೆಯ ಈ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿಕೊಂಡಿರುವುದರಿಂದ ಆ ವಾಸನೆ ಕಿಟಕಿ ದಾಟಿ ಸೀದಾ ನನ್ನ ಚಹಾದ ಲೋಟಕ್ಕೇ ಬಂದು ಬೀಳುತ್ತದೆ. ಗೊತ್ತಿದ್ದವರಿಗೆ ಗೊತ್ತು ಆ ವಾಸನೆ: ಕೆಸರಿನಲ್ಲಿ ಹುಟ್ಟಿದ್ದು, ಒಣಗಿದರೂ ಕೆಸರನ್ನು ಮರೆಯದ್ದು, ಸ್ವಲ್ಪ ಖಾರ, ಸ್ವಲ್ಪ ಕಹಿ, ಎಲ್ಲ ಮುಗಿದ ಮೇಲೆ ಹಿಂದಿನಿಂದ ಬರುವ ಒಂದು ಸಿಹಿ. ಕೂಸಿಗೆ ಮಾತು ಚೆಂದ ಬರಲಿ, ನಾಲಗೆ ಸಲೀಸಾಗಿ ತಿರುಗಲಿ ಅಂತ ನಮ್ಮ ಕಡೆ ಮನೆಮನೆಯಲ್ಲೂ ತೇಯ್ದು ನಾಲಗೆಗೆ ಹಚ್ಚುತ್ತಾರೆ. ಆ ವಾಸನೆಗೆ ಯಾರಿಗಾದರೂ ತೊಟ್ಟಿಲು ನೆನಪಾಗಬೇಕು. ನನಗೆ ಸಿಟ್ಟು ಬರುತ್ತದೆ. ಈ ವಯಸ್ಸಿನಲ್ಲೂ, ಲೋಟದ ಚಹಾ ಆರಿ ಕೆನೆಗಟ್ಟುವ ತನಕ ಇಳಿಯದ ಸಿಟ್ಟು.

ಯಾರ ಮೇಲೆ ಅಂತ ಕೇಳಿದರೆ ಒಂದು ಹೆಸರು ಹೇಳುವುದಕ್ಕೆ ಬರುವುದಿಲ್ಲ. ಕಂಪ್ಲಿ ಸೀಮೆಯ ಮೆಟ್ರಿಯಲ್ಲಿದ್ದ ನಮ್ಮ ಮನೆಯಿಂದ ಶುರು ಮಾಡಬೇಕು. ಆ ಮನೆ ಈಗಿಲ್ಲ. ಅಲ್ಲಿ ಗೊಬ್ಬರದ ಅಂಗಡಿಯವರ ಗೋಡೌನ್ ಎದ್ದಿದೆ. ಆದರೆ ಕಣ್ಣು ಮುಚ್ಚಿದರೆ ನಾನು ಇವತ್ತಿಗೂ ಅದರೊಳಗೆ ಎಲ್ಲೂ ಎಡವದೆ ಓಡಾಡಬಲ್ಲೆ. ತಲೆಬಾಗಿಲು ದಾಟಿದ ಕೂಡಲೇ ತಗ್ಗಿನಲ್ಲಿ ದನದ ಅಂಕಣ, ಎಮ್ಮೆಗಳ ಬಿಸಿ ಉಸಿರು, ನೆನೆದ ತೌಡಿನ ಹುಳಿ ವಾಸನೆ. ಅಲ್ಲಿಂದ ಕಟ್ಟೆ ಹತ್ತಿದರೆ ಪಡಸಾಲೆ. ಸುಗ್ಗಿ ಮುಗಿದ ಮೇಲೆ ಅಲ್ಲಿ ಭತ್ತದ ಚೀಲಗಳನ್ನು ಮಾಳಿಗೆ ಮುಟ್ಟುವ ಹಾಗೆ ಒಟ್ಟುತ್ತಿದ್ದರು. ಚೀಲದ ಸಂದಿ ನನಗೂ ಅಕ್ಕನಿಗೂ ಒಂದು ಊರಿದ್ದ ಹಾಗೆ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಒಂದು ಕೋಲಿನಂತೆ ಇಳಿದು, ಭತ್ತದ ಧೂಳು ಅದರೊಳಗೆ ಏರುತ್ತ ಇಳಿಯುತ್ತ ಇರುತ್ತಿತ್ತು. ಹಿತ್ತಲಿನ ಬೆನ್ನಿಗೇ ಕಾಲುವೆ. ನೀರು ಬಿಟ್ಟ ತಿಂಗಳುಗಳಲ್ಲಿ ಅದರ ಸದ್ದು ನಮ್ಮ ಮಾತಿನ ಕೆಳಗೆ ಹಾಸಿಕೊಂಡೇ ಇರುತ್ತಿತ್ತು. ಡ್ಯಾಮಿನಿಂದ ನೀರು ನಿಲ್ಲಿಸಿದ ದಿನ ಮನೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ ಎಲ್ಲರೂ ಸುಮ್ಮಸುಮ್ಮನೆ ಜೋರಾಗಿ ಮಾತಾಡುತ್ತಿದ್ದೆವು.

ಸಂಜೆಗೆ ಅಜ್ಜಿ ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಮೊರದ ತುಂಬ ಶೇಂಗಾ ಹಾಕಿಕೊಂಡು ಕೂರುತ್ತಿದ್ದಳು. ಕೈ ಶೇಂಗಾ ಸುಲಿಯುತ್ತಿತ್ತು, ಬಾಯಿ ಕತೆ ಹೇಳುತ್ತಿತ್ತು. ನನಗೆ ಗೊತ್ತಿರುವ ಕನ್ನಡವೆಲ್ಲ ಆ ಮೊರದಿಂದ ಬಿದ್ದದ್ದು. ಅಜ್ಜಿಯ ಕತೆಗೆ ಒಂದು ಕಟ್ಟಳೆ ಇತ್ತು. ಕೇಳುವವರಲ್ಲಿ ಒಬ್ಬರು ಮಾತುಮಾತಿಗೆ "ಹೂಂ" ಅನ್ನಬೇಕು. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲುತ್ತದೆ. ಹೂಂ ಅನ್ನುವವರಿಲ್ಲದೆ ಕತೆ ಹೇಳಿದರೆ ಆ ಕತೆ ದಿಕ್ಕಿಲ್ಲದೆ ತಿರುಗಿ, ಹೇಳಿದವರ ಬಾಯಿಗೆ ಮತ್ತೆ ಬರುವುದಿಲ್ಲ ಅನ್ನುತ್ತಿದ್ದಳು. ಬರೀ ಹೂಂ ಅಂದರೆ ಸಾಲದು, ಎಲ್ಲಿ ಎಳೆಯಬೇಕು, ಎಲ್ಲಿ ಮುರಿಯಬೇಕು, ಎಲ್ಲಿ ಉಸಿರು ಹಿಡಿದು ಅನ್ನಬೇಕು ಅಂತ ಇತ್ತು. ನಾನು ಹೂಂ ಅಂದರೆ ಅಜ್ಜಿ ಬೈಯುತ್ತಿದ್ದಳು: "ನೀ ಬಿಡವ್ವ, ನಿಂದು ಹೂಂ ಅಲ್ಲ ಅದು, ಎಮ್ಮಿ ಉಸುರು ಬಿಟ್ಟಂಗ ಐತಿ." ನಮ್ಮ ಮನೆಯ ಹೂಂ ಅಂದರೆ ಅಕ್ಕನದು. ನನಗಿಂತ ನಾಲ್ಕು ವರ್ಷ ದೊಡ್ಡವಳು, ಹೆಸರು ಹುಲಿಗೆಮ್ಮ. "ಈಕಿ ಹುಟ್ಟಿದಾಗ ಅಳಲಿಲ್ಲ, ಹೂಂ ಅಂದ್ಳು," ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು.

ಅಕ್ಕ ಕೇಳಿದ್ದನ್ನು ಮರೆತದ್ದಿಲ್ಲ. ಒಂದು ಕತೆಯನ್ನು ಒಮ್ಮೆ ಕೇಳಿದರೆ ಅಜ್ಜಿ ಕೆಮ್ಮಿದ ಜಾಗವನ್ನೂ ಬಿಡದೆ ತಿರುಗಿ ಹೇಳುತ್ತಿದ್ದಳು. ಬರೀ ನೆನಪಿನ ಮಾತಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಅವಳು ಯೋಚನೆ ಮಾಡುತ್ತಿದ್ದಳು. ಗ್ರಹಣದ ಪಾಠ ನನಗೆ ತಿಳಿಯದೆ ಅಳುತ್ತ ಕೂತಾಗ ಕಂದೀಲು ತಂದಳು, ತಂಬಿಗೆ ತಂದಳು, ಒಂದು ಶೇಂಗಾ ತಗೊಂಡಳು. ಅವ್ವ ಊಟಕ್ಕೆ ಕರೆಯುವುದರೊಳಗೆ ಸೂರ್ಯ ಚಂದ್ರ ಭೂಮಿ ಮೂರೂ ನನ್ನ ಕೈಯಲ್ಲಿದ್ದವು. ಗದ್ದೆಯ ಬದುವಿನ ಮೇಲೆ ನಿಂತು, ಇವತ್ತು ನೀರು ಯಾವ ಮಡಿಯ ತನಕ ಮುಟ್ಟುತ್ತದೆ ಅಂತ ಅವಳು ಹೇಳಿದರೆ ಅಪ್ಪ ಆ ಮಡಿಗೇ ಹೋಗಿ ಗುದ್ದಲಿ ಊರಿ ನಿಲ್ಲುತ್ತಿದ್ದ. ಆದರೆ ಅವಳಿಗೆ ಓದಲು ಬರುತ್ತಿರಲಿಲ್ಲ. ಬರೆಯಲೂ ಬರುತ್ತಿರಲಿಲ್ಲ. ವರ್ಷ ಕಳೆದು ವರ್ಷ ಬಂದರೂ ಒತ್ತು ಒಂದು ಕಡೆ, ದೀರ್ಘ ಒಂದು ಕಡೆ, ಅಕ್ಷರ ಹಿಂದುಮುಂದು. ಏನಾಗುತ್ತದೆ ನಿನಗೆ ಅಂತ ಕೇಳಿದ್ದಕ್ಕೆ ಒಮ್ಮೆ ಹೇಳಿದ್ದಳು: "ಗದ್ದ್ಯಾಗಿನ ಗೊದಮೊಟ್ಟಿ ನೋಡೀಯಿಲ್ಲ, ಕಪ್ಪಿ ಮರಿ? ಮ್ಯಾಲಿಂದ ನೋಡಿದ್ರ ನಿಂತಂಗ ಕಾಣ್ತಾವ. ಕೈ ಹಾಕಿದ್ರ ಚದುರ್ತಾವ. ಹಂಗ ಅದಾವಲೇ ಅವು." ಈ ಮಾತು ಹೆಂಗೋ ಶಾಲೆಗೆ ಮುಟ್ಟಿ, ಅಲ್ಲಿ ಅವಳ ಹೆಸರೇ ಗೊದಮೊಟ್ಟಿ ಆಯಿತು. ಅವಳಿಗಿಂತ ಚಿಕ್ಕವರ ಜೊತೆ ಅದೇ ಕ್ಲಾಸಿನಲ್ಲಿ ಮತ್ತೆ ಮತ್ತೆ ಕೂರಿಸಿದ್ದರು.

ಮನೆಯಲ್ಲಿ ಗೊತ್ತಿದ್ದ ಔಷಧ ಬಜೆ ಒಂದೇ. ಅಜ್ಜಿ ದಿನಾ ಬೆಳಿಗ್ಗೆ ತೇಯ್ದು, ಅಷ್ಟು ದೊಡ್ಡ ಹುಡುಗಿಯನ್ನು ಕೂಸಿನ ಹಾಗೆ ಮಡಿಲಿಗೆ ಎಳಕೊಂಡು ನಾಲಗೆಗೆ ಹಚ್ಚುತ್ತಿದ್ದಳು. "ಅಕ್ಕಗ ಮಾತು ಭಾಳ ಐತಲ್ಲಬೇ, ಮತ್ಯಾಕ ಬಜಿ?" ಅಂತ ನಾನು ಕೇಳಿದರೆ, "ಹೆಚ್ಚಾಗಿದ್ದು ಕೈಯ್ಯಾಗ ಇಳೀಲಿ ಅಂತ," ಅನ್ನುತ್ತಿದ್ದಳು. ಅದರಲ್ಲಿ ಪ್ರೀತಿ ಇತ್ತು; ಅದಕ್ಕೆ ನಾನು ಸಿಟ್ಟಾಗುವುದಿಲ್ಲ. ಮತ್ತೆ ನಮಗೆ ನಮ್ಮದೇ ಒಂದು ದಾರಿ ಇತ್ತು, ಯಾರೂ ಹೇಳಿಕೊಟ್ಟದ್ದಲ್ಲ. ಭತ್ತದ ಚೀಲದ ಸಂದಿಯಲ್ಲಿ ಕೂತು ನಾನು ಅಕ್ಕನ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ಹೂಂ ಅನ್ನುತ್ತ ಕೇಳುತ್ತಿದ್ದಳು. ಆಮೇಲೆ ನನ್ನ ಪಾಠವನ್ನು ನನಗೆ ತಿಳಿಯುವ ಹಾಗೆ ಹೇಳುತ್ತಿದ್ದಳು. ನಾನು ಪಾಸಾಗಿ ಮುಂದೆ ಮುಂದೆ ಹೋದದ್ದು ಅವಳ ತಲೆಯಿಂದ. ಅವಳು ಮಾತ್ರ ಇದ್ದಲ್ಲೇ ಇದ್ದಳು, ಯಾಕೆಂದರೆ ಪರೀಕ್ಷೆಯಲ್ಲಿ ಯಾರೂ ಅವಳಿಗೆ ಪ್ರಶ್ನೆ ಓದಿ ಹೇಳಲಿಲ್ಲ, ಅವಳ ಉತ್ತರ ಬಾಯಿಂದ ಕೇಳಲಿಲ್ಲ.

ಆ ವರ್ಷ ಅಜ್ಜಿ ಒಂದು ದೊಡ್ಡ ಕತೆ ಹಿಡಿದಿದ್ದಳು, ಸಂಜೆಯಿಂದ ಸಂಜೆಗೆ ಸಾಗುವಂಥದ್ದು. ಹಂಪಿಯ ಕಡೆ ಒಬ್ಬ ಕಲ್ಲುಕುಟಿಗ, ಅವನಿಗೊಬ್ಬಳು ಮಗಳು. ಅವಳು ಒಂದು ಬಂಡೆಗೆ ಕಿವಿ ಹಚ್ಚಿದರೆ ಒಳಗೆ ಯಾರೋ ಉಸಿರಾಡಿದಂತೆ ಕೇಳುತ್ತದೆ. ಊರವರು ಹುಚ್ಚಿ ಅನ್ನುತ್ತಾರೆ, ಅಪ್ಪ ಹೊಡೆಯುತ್ತಾನೆ. ಆಕೆ ಬಿಡುವುದಿಲ್ಲ, ಅಪ್ಪನದೇ ಉಳಿ ತಗೊಂಡು ದಿನಾ ಒಂದೇ ಜಾಗಕ್ಕೆ ಬಡಿಯುತ್ತಾಳೆ. ಒಂದು ದಿನ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. "ಬಿರುಕಿನೊಳಗಿಂದ ಬೆಳಕು ಬಂತು," ಅಂದಳು ಅಜ್ಜಿ. ಅಕ್ಕ ಉಸಿರು ಹಿಡಿದು "ಹೂಂ" ಅಂದಳು. "ಬೆಳಕಿನ ಹಿಂದ," ಅಂದು ಅಜ್ಜಿ ಮೊರ ಕೊಡವಿ ಎದ್ದಳು. "ಹಿಂದಿಂದು ನಾಳಿಗಿರಲಿ."

ಮರುದಿನ ಶಾಲೆಗೆ ಇನ್‌ಸ್ಪೆಕ್ಟರ್ ಬಂದರು. ಎಲ್ಲ ಕ್ಲಾಸುಗಳನ್ನೂ ಒಂದೇ ಕೋಣೆಗೆ ಸೇರಿಸಿದ್ದರು, ಆದ್ದರಿಂದ ನಾನೂ ಅಲ್ಲೇ ಇದ್ದೆ. ಅವರು ಕಿಟಕಿಯಾಚೆ ಕೈ ತೋರಿಸಿ, ನಿಮ್ಮ ಕಡೆ ಗುಡ್ಡದ ತುಂಬ ಯಾರೋ ತಂದು ಒಟ್ಟಿದ ಹಾಗೆ ಇಷ್ಟೊಂದು ಬಂಡೆ ಯಾಕಿವೆ, ಯಾರಾದರೂ ಹೇಳಿ ನೋಡೋಣ ಅಂದರು. ಅಂಥ ಪಾಠ ನಮಗೆ ಇರಲೇ ಇಲ್ಲ. ಮಾಸ್ತರರೂ ಕಿಟಕಿಯ ಕಡೆ ನೋಡಿದರು. ಅಕ್ಕ ಎದ್ದು ನಿಂತಳು. "ಯಾರೂ ತಂದು ಒಟ್ಟಿಲ್ರಿ. ಅವು ಮೊದಲ ನೆಲದಾಗ ಇದ್ದವು. ಮಳಿ ಬಂದು ಗದ್ದಿ ಬದುವು ಕೊಚ್ಚಿದ್ರ ಒಳಗಿನ ಕಲ್ಲು ಮ್ಯಾಲ ಕಾಣ್ತಾವಲ್ರಿ, ಹಂಗ. ಕಲ್ಲು ಬಂದಿಲ್ರಿ, ಮಣ್ಣು ಹೋಗೈತಿ." ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು. ಎಷ್ಟು ವರ್ಷ ಹಿಡೀತು ಮಣ್ಣು ಹೋಗೋದಕ್ಕೆ ಅಂತ ನಗುತ್ತ ಕೇಳಿದರು. "ನಮ್ಮಜ್ಜಿಗೂ ಗೊತ್ತಿರಾಕಿಲ್ರಿ, ಅಷ್ಟು," ಅಂದಳು ಅಕ್ಕ. ಕೋಣೆಯೆಲ್ಲ ನಕ್ಕಿತು. ಅವರಿಗೆ ಖುಷಿಯಾಗಿ, ಬಾ, ಈಗ ಹೇಳಿದ್ದನ್ನೇ ಬೋರ್ಡಿನ ಮೇಲೆ ಬರಿ ಅಂದರು.

ಅಕ್ಕ ಸೀಮೆಸುಣ್ಣ ಹಿಡಿದಳು. ಅವಳ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಬೋರ್ಡಿನ ಮೇಲೆ ಬಿದ್ದ ಅಕ್ಷರಗಳನ್ನು ಯಾರಿಂದಲೂ ಓದಲು ಆಗಲಿಲ್ಲ. "ಗೊದಮೊಟ್ಟಿ ಬಂದ್ವು ನೋಡ್ರಲೇ," ಅಂತ ಹಿಂದಿನಿಂದ ಯಾರೋ ಅಂದರು. ಇನ್‌ಸ್ಪೆಕ್ಟರ್ ಕನ್ನಡಕ ತಿರುಗಿ ಹಾಕಿಕೊಂಡರು. ಹೆಸರು ಬರೆಯಲು ಬಾರದ ಹುಡುಗಿ ಅಂಥ ಮಾತನ್ನು ತಾನೇ ಯೋಚಿಸಿರುವುದು ಸಾಧ್ಯವಿಲ್ಲ ಅಂತ ಅವರಿಗೆ ಖಾತ್ರಿಯಾಯಿತು. "ಏನ್ ಮಾಸ್ತರ್ರೇ, ಗಿಳಿ ಸಾಕೀರಲ್ಲ," ಅಂದರು. ಎರಡು ನಿಮಿಷದ ಹಿಂದೆ ತಮ್ಮ ಕಿವಿಯಾರೆ ಕೇಳಿದ್ದನ್ನು ಆ ಮನುಷ್ಯ ಬೋರ್ಡು ನೋಡಿ ಸುಳ್ಳು ಮಾಡಿಬಿಟ್ಟರು. ನನ್ನ ಸಿಟ್ಟಿಗೆ ಒಂದು ಮೂಲ ಅಂತ ಇದ್ದರೆ ಅದು ಆ ಕನ್ನಡಕ ತಿರುಗಿ ಏರಿದ ಗಳಿಗೆ. ಬುದ್ಧಿ ಕಂಡಾಗ ತೊಂದರೆ ಕಾಣಲಿಲ್ಲ. ತೊಂದರೆ ಕಂಡ ಕೂಡಲೇ ಬುದ್ಧಿ ಕಾಣದೆ ಹೋಯಿತು.

ಸಂಜೆ ಮಾಸ್ತರರು ಮನೆಗೆ ಬಂದರು. ಕೆಟ್ಟವರೇನಲ್ಲ, ಅವ್ವ ಕೊಟ್ಟ ಚಹಾ ಕುಡಿದು, ಅಪ್ಪನ ಪಕ್ಕ ಕಟ್ಟೆಯ ಮೇಲೆ ಕೂತು, ಕನಿಕರದಿಂದಲೇ ಮಾತಾಡಿದರು. "ಬಸಣ್ಣ, ನಿನ್ನ ಮಗಳ ಬುದ್ಧಿ ಎಲ್ಲಾ ಬಾಯಾಗ ಖರ್ಚಾಗಾಕ ಹತ್ತೈತಿ. ಎರಡು ತೂಬು ಬಿಟ್ಟರ ನೀರು ಎರಡೂ ಕಡಿ ಅರ್ಧ ಅರ್ಧ ಹೋಗೂದಿಲ್ಲೇನು? ಬಾಯಿ ತೂಬು ಮುಚ್ಚು. ನೀರು ತಾನಾಗೇ ಕೈ ಕಡಿ ತಿರುಗತೈತಿ." ಬೇರೆ ಊರಿನ, ಬೇರೆ ಕಸುಬಿನ ಅಪ್ಪನಾಗಿದ್ದರೆ ಈ ಮಾತಿಗೆ ನಕ್ಕುಬಿಡುತ್ತಿದ್ದನೋ ಏನೋ. ನಮ್ಮಪ್ಪ ಹುಟ್ಟಿದಾಗಿನಿಂದ ತೂಬು ಮುಚ್ಚಿ, ಮಡಿ ತಿರುವಿ, ನೀರು ಹಾಯಿಸಿ ಬದುಕಿದವನು. ಇದಕ್ಕಿಂತ ನಿಜವಾದ ಮಾತನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. "ಖರೇ ಐತಿ ನೋಡ್ರಿ ಮಾಸ್ತರ್ರೇ," ಅಂದ. "ಇಷ್ಟು ದಿನ ನನಗ ಹೊಳೀಲೇ ಇಲ್ಲ." ಮಾಸ್ತರರು ಇನ್ನೊಂದು ಸೇರಿಸಿದರು: ತಂಗಿ ಓದುವುದು, ಇವಳು ಕೇಳುವುದು, ಅದೂ ಬಂದ್ ಆಗಬೇಕು, ಕೇಳಿ ಕಲಿಯುವುದು ಕಲಿಕೆಯಲ್ಲ, ಕಳವು.

ಅವತ್ತಿನಿಂದ ಅಕ್ಕನ ಬಾಯಿ ಮುಚ್ಚಿಸಿದರು. ಹೊಡೆದು ಬಡಿದು ಅಲ್ಲ, ಅಕ್ಕರೆಯಿಂದ. ನೀರು ಬೇಕು, ಊಟ ಬೇಕು ಅನ್ನಬಹುದು. ಕತೆ ಇಲ್ಲ, ಪ್ರಶ್ನೆ ಇಲ್ಲ, ಹೂಂ ಇಲ್ಲ. ಅಜ್ಜಿ, ಅಕ್ಕನಿಗೆ ಯಾವ ದೇವಿಯ ಹೆಸರಿಟ್ಟಿದ್ದರೋ ಆ ಹುಲಿಗೆಮ್ಮನ ಹೆಸರಿನಲ್ಲಿ ಮುಡಿಪು ಕಟ್ಟಿದಳು. ಜನ ಹರಕೆಗೆ ಉಪ್ಪು ಬಿಡುತ್ತಾರೆ, ಬೆಲ್ಲ ಬಿಡುತ್ತಾರೆ. ಅವಳು ಕತೆ ಬಿಟ್ಟಳು. "ನೀ ಪಾಸಾದ ದಿನ ಬಂಡೆಗಲ್ಲಿನ ಕತಿ ಪೂರಾ ಮಾಡ್ತೀನಿ. ನಿನ್ನ ಹೂಂ ಇಲ್ಲದ ನಾ ಯಾರಿಗ್ಹೇಳಲಿ," ಅಂದಳು. ಸಂಜೆಯಾದರೆ ಮನೆಯಲ್ಲಿ ಕಾಲುವೆ ಬಂದ್ ಆದ ದಿನದ ನಿಶ್ಶಬ್ದ ದಿನಾ ಇತ್ತು. ಅಜ್ಜಿ ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದಳು, ಸಿಪ್ಪೆ ಒಡೆಯುವ ಸದ್ದಷ್ಟೇ ಕೇಳುತ್ತಿತ್ತು. ಅಕ್ಕ ಕಂದೀಲಿನ ಮುಂದೆ ಪುಸ್ತಕ ಬಿಚ್ಚಿಕೊಂಡು, ತುಟಿ ಒತ್ತಿ ಹಿಡಿದು, ನಿಂತ ನೀರಿನಲ್ಲಿ ಚದುರುವ ಆ ಗೊದಮೊಟ್ಟಿಗಳನ್ನು ನೋಡುತ್ತ ಕೂರುತ್ತಿದ್ದಳು. ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ಕಡೆ ತಿರುಗುವುದು ಆ ಕಡೆ ಕಾಲುವೆ ತೋಡಿದ್ದರೆ ಮಾತ್ರ. ಅಷ್ಟು ಗೊತ್ತಿದ್ದ ರೈತನಿಗೆ ಅದು ಹೊಳೆಯಲಿಲ್ಲ. ತೋಡಬೇಕಾದವರು ಚಹಾ ಕುಡಿದು ಎದ್ದು ಹೋಗಿದ್ದರು.

ಭತ್ತ ಕೊಯ್ಲಿಗೆ ಬರುವ ಹೊತ್ತಿಗೆ ಅಜ್ಜಿಗೆ ಜ್ವರ ಬಂತು, ಜ್ವರ ಎದೆಗಿಳಿಯಿತು. ಮಾತು ನಿಲ್ಲುವ ಮೊದಲು ಅಕ್ಕನ ಕಡೆ ನೋಡಿ ತುಟಿ ಅಲುಗಿಸಿದಳು. ಅಕ್ಕ ಹತ್ತಿರ ಹೋಗಿ ಕೂತಳು. ಹೂಂ ಅನ್ನಲಿಲ್ಲ. ಅಪ್ಪ ಬಾಗಿಲಲ್ಲೇ ನಿಂತಿದ್ದ, ಹರಕೆ ಇನ್ನೂ ಇತ್ತು. ಅಜ್ಜಿ ಹಾಗೇ ಹೋದಳು. ಬೇಸಿಗೆಗೆ ಪರೀಕ್ಷೆ ಬಂತು. ಅಕ್ಕ ಆ ವರ್ಷ ಹಿಂದಿನ ವರ್ಷಕ್ಕಿಂತ ಕಮ್ಮಿ ಬರೆದಳು. ಬರೆಯಲು ತಲೆಯಲ್ಲಾದರೂ ಏನಿರಬೇಕು, ಒಂದು ಅಕ್ಷರವನ್ನೂ ಅವಳ ಕಿವಿಗೆ ಬೀಳಿಸದೆ ವರ್ಷ ಕಳೆದಿದ್ದೆವು. ಶಾಲೆ ಬಿಡಿಸಿದರು. "ಇನ್ನ ಮಾತಾಡವ್ವ, ಹರಕಿ ಮುಗೀತು," ಅಂದ ಅಪ್ಪ. ಅಕ್ಕ "ಆತು" ಅಂದಳು. ಆಮೇಲೆ ಸಂಡೂರು ಕಡೆಯ ವಡ್ಡು ಅನ್ನುವ ಊರಿಗೆ ಮದುವೆಯಾಗಿ ಹೋದಳು. ಗಂಡ ಹೊಲ ಮಾಡಿಕೊಂಡೇ ಸ್ಟೀಲ್ ಕಾರ್ಖಾನೆಗೂ ಹೋಗುತ್ತಿದ್ದ, ಒಳ್ಳೆಯ ಮನುಷ್ಯ. ಮನೆ ನಡೆಸಿದಳು, ಮಗಳನ್ನು ಓದಿಸಿದಳು. ಆದರೆ ಮುಚ್ಚಿದ ಬಾಯಿ ತೆರೆಯಲಿಲ್ಲ. ಅವಳತ್ತೆ ನನ್ನ ಹತ್ತಿರ, "ನಿಮ್ಮಕ್ಕ ಬಂಗಾರದಂಥಾಕಿ, ಒಂದು ಮಾತು ಹೆಚ್ಚಿಲ್ಲ," ಅಂತ ಹೊಗಳಿದಾಗ ನಾನು ಹಿತ್ತಲಿಗೆ ಹೋಗಿ ನಿಂತುಬಿಟ್ಟಿದ್ದೆ.

ಇದೆಲ್ಲ ಆಗಿನ ಕಾಲ, ಯಾರಿಗೂ ತಿಳಿದಿರಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಆ ಸಮಾಧಾನವೂ ಈಚೆಗೆ ಹೋಯಿತು. ಅಕ್ಕನ ಮಗಳು ಕೆಲಸದ ಮೇಲೆ ಹೊಸಪೇಟೆಯಲ್ಲೇ ಮನೆ ಮಾಡಿದ್ದಾಳೆ. ಅವಳ ಮಗಳು ಭೂಮಿಕಾ, ಅಕ್ಕನ ಮೊಮ್ಮಗಳು. ಡ್ಯಾಮ್ ನೋಡಿಕೊಂಡು ಬಂದ ವಾರದಲ್ಲೇ ರಟ್ಟು, ದಾರ, ಹಳೇ ಪೆನ್ನಿನ ಸ್ಪ್ರಿಂಗಿನಿಂದ ಏರಿಳಿಯುವ ಗೇಟುಗಳನ್ನು ಮಾಡಿ ಬಚ್ಚಲಿನ ನೀರು ಹಾಯಿಸಿದವಳು, ಮಾತು ಹಿಡಿದರೆ ಬಿಡದವಳು. ಓದಲು ಕೂತರೆ ಅವಳಿಗೂ ಅಕ್ಷರ ಚದುರುತ್ತವೆ. ಈಗ ಅದಕ್ಕೆ ಹೆಸರಿದೆ, ಪರೀಕ್ಷೆ ಮಾಡಿ ಹೇಳುವ ಡಾಕ್ಟರು ಇದ್ದಾರೆ, ಹೆಚ್ಚು ಹೊತ್ತು ಕೊಡಬೇಕು, ಓದಿ ಹೇಳುವವರನ್ನು ಕೊಡಬೇಕು ಅಂತ ನಿಯಮವೂ ಇದೆ. ಅದನ್ನು ಕೇಳಲು ತಾಯಿ ಶಾಲೆಗೆ ಹೊರಟಳು. ಊರಿಂದ ಬಂದಿದ್ದ ಅಕ್ಕನೂ ನಾನೂ ಜೊತೆಗೆ ಹೋದೆವು. ಹೆಡ್‌ಮಿಸ್ ನಕ್ಕರು. "ಇಷ್ಟು ಪಟಪಟ ಮಾತಾಡ್ತಾಳೆ, ಇವಳಿಗೆ ತೊಂದರೆ ಇದೆ ಅಂದ್ರೆ ಯಾರು ನಂಬ್ತಾರೆ? ಅದೆಲ್ಲ ನಿಜವಾಗಿ ಹಿಂದುಳಿದ ಮಕ್ಕಳಿಗೆ. ಇವಳಿಗೆ ಸೋಮಾರಿತನ ಅಷ್ಟೇ. ಮನೇಲಿ ಸ್ವಲ್ಪ ಮಾತು ಕಮ್ಮಿ ಮಾಡ್ಸಿ, ಬರೆಯೋದು ತಾನೇ ಬರುತ್ತೆ."

ನಾನು ಬಾಯಿ ತೆರೆಯುವುದರೊಳಗೆ ಪಕ್ಕದ ಕುರ್ಚಿ ಸರಿದ ಸದ್ದಾಯಿತು. ಅಕ್ಕ ಎದ್ದು ನಿಂತಿದ್ದಳು, ಅವತ್ತು ಇನ್‌ಸ್ಪೆಕ್ಟರ ಮುಂದೆ ನಿಂತಿದ್ದ ಹಾಗೇ. "ಮೇಡಂ, ನನಗೂ ಹಿಂಗ ಹೇಳಿದ್ರು," ಅಂದಳು. ಬಳಸದೆ ಬಿಟ್ಟ ಬಾವಿಯ ರಾಟೆಯ ಹಾಗಿತ್ತು ಆ ದನಿ. "ಬಾಯಿ ಮುಚ್ಚಿದ್ರ ಕೈ ಓಡತೈತಿ ಅಂದ್ರು. ಮುಚ್ಚಿದೆ. ಕೈ ಓಡಲಿಲ್ಲ. ಬಾಯಿನೂ ತಿರುಗಿ ಬರಲಿಲ್ಲ. ಈಕಿಗೆ ಕೊಡೂದು ಬಿಡೂದು ನಿಮಗ ಬಿಟ್ಟಿದ್ದು. ಈಕಿ ಬಾಯಿ ಮಾತ್ರ ಮುಟ್ಟಬ್ಯಾಡ್ರಿ." ಹೆಡ್‌ಮಿಸ್ ಪೆನ್ನು ತಿರುಗಿಸುತ್ತ "ನೋಡೋಣ ಅಮ್ಮ, ಕುಂದ್ರಿ," ಅಂದರು. ಅಕ್ಕ ಕೂರಲಿಲ್ಲ.

ನೋಡಿದರು. ಏನು ನೋಡಿದರು ಅಂತ ಕೇಳಿ. ಮುಂದಿನ ಟೆಸ್ಟಿನಲ್ಲಿ ಭೂಮಿಕಾಗೆ ಹೆಚ್ಚು ಹೊತ್ತು ಕೊಟ್ಟರು, ಪ್ರಶ್ನೆ ಓದಿ ಹೇಳಿದರು. ಅದೇ ವಾರ ಅವಳನ್ನು ಹಿಂದುಳಿದ ಮಕ್ಕಳ ಸೆಕ್ಷನ್ನಿಗೆ ಹಾಕಿದರು, ಜಿಲ್ಲೆಯ ವಿಜ್ಞಾನ ಮೇಳಕ್ಕೆ ಹೊರಟಿದ್ದ ಅವಳ ಗೇಟುಗಳನ್ನು ಬೇರೆ ಹುಡುಗಿಯ ಕೈಗೆ ಕೊಟ್ಟರು. ಸಹಾಯ ಬೇಕಾದವಳು ಜಾಣೆ ಹೇಗಾದಾಳು? ಅದೇ ಕನ್ನಡಕ, ಬೇರೆ ಮೂಗು. ತಾಯಿ ಇನ್ನೂ ಆ ಆಫೀಸಿಗೆ ಅಲೆಯುತ್ತಿದ್ದಾಳೆ. ನಾನೂ ಹೋಗುತ್ತೇನೆ, ಕೂಗಾಡುತ್ತೇನೆ. ನನ್ನನ್ನು ಕಂಡರೆ ಈಗ ಅಲ್ಲಿಯವರು ಮೇಡಂ ರೌಂಡ್ಸಿಗೆ ಹೋಗಿದ್ದಾರೆ ಅನ್ನುತ್ತಾರೆ.

ಹೆಡ್‌ಮಿಸ್ ಮುಂದೆ ಎದ್ದು ನಿಂತ ಆ ದಿನ, ಶಾಲೆಯಿಂದ ಬಂದ ಸಂಜೆ, ಅಕ್ಕ ನಮ್ಮ ಮನೆಯ ಅಂಗಳದಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಮಡಿಲಿಗೆ ಶೇಂಗಾ ಹಾಕಿಕೊಂಡು, ಯಾರೂ ಕೇಳದೆ ಶುರು ಮಾಡಿದಳು. "ಹಂಪಿ ಕಡಿ ಒಬ್ಬ ಕಲ್ಲುಕುಟಿಗ ಇದ್ನಂತ. ಹೂಂ ಅನ್ನಬೇಕು ನೀ, ಇಲ್ಲಾಂದ್ರ ಕತಿ ನಡ್ಯಾಂಗಿಲ್ಲ." ಭೂಮಿಕಾ "ಹೂಂ" ಅಂದಳು. ಯಾರೂ ಕಲಿಸಿರಲಿಲ್ಲ, ಆದರೂ ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದಳು, ಎಲ್ಲಿ ಮುರಿಯಬೇಕೋ ಅಲ್ಲಿ ಮುರಿದಳು. ನಾನು ಒಳಗೆ ಬಾಗಿಲ ಮರೆಯಲ್ಲಿ ನಿಂತು ಮೆಟ್ರಿಯ ನಮ್ಮ ಮನೆಯ ತೌಡಿನ ವಾಸನೆ ಕುಡಿಯುತ್ತಿದ್ದೆ. ಮಗಳು ಬಂದಳು, ಬಂಡೆ ಬಂತು, ಉಸಿರು ಕೇಳಿಸಿತು, ಉಳಿ ಬಡಿಯಿತು, ಬಿರುಕು ಬಿಟ್ಟಿತು. "ಬಿರುಕಿನೊಳಗಿಂದ ಬೆಳಕು ಬಂತು," ಅಂದಳು ಅಕ್ಕ.

"ಹೂಂ," ಅಂದಿತು ಮಗು, ಉಸಿರು ಹಿಡಿದು.

"ಬೆಳಕಿನ ಹಿಂದ," ಅಂದು ಅಕ್ಕ ನಿಂತಳು. ಕೈಯಲ್ಲಿನ ಶೇಂಗಾ ಸುಲಿಯಲಿಲ್ಲ.

"ಹೂಂ, ಮುಂದ?"

"ಮುಂದಿಂದು ಹೋತವ್ವ," ಅಂದಳು.

ಈ ಬೇಸಿಗೆಯಲ್ಲಿ ಅಕ್ಕನೂ ಹೋದಳು. ಭೂಮಿಕಾ ರಜೆಯ ದಿನ ನನ್ನ ಹತ್ತಿರ ಬಂದು ಕೂರುತ್ತಾಳೆ, ಆ ಕತೆಯನ್ನೇ ಹೇಳು ಅನ್ನುತ್ತಾಳೆ. ನೂರು ಕತೆ ಬಲ್ಲವಳು ಅಂತ ಊರಿನಲ್ಲಿ ನನಗೆ ಹೆಸರಿದೆ. ಬೇರೆ ಕತೆ ಹೇಳುತ್ತೇನೆ, ಬ್ಯಾಡ ಅನ್ನುತ್ತಾಳೆ. ಹೇಳಲೇಬೇಕಾಗುತ್ತದೆ. ಬಿರುಕಿನ ತನಕ ಬರುತ್ತೇನೆ. ಪಕ್ಕದ ಮನೆಯಿಂದ ಬಜೆಯ ವಾಸನೆ ಬರುತ್ತಿರುತ್ತದೆ, ಗೋಡೆಯಾಚೆ ಕೂಸು ಬಾಯಿ ಚಪ್ಪರಿಸುತ್ತಿರುತ್ತದೆ. ಭೂಮಿಕಾ ನನ್ನ ಮುಖವನ್ನೇ ನೋಡುತ್ತ ಹೂಂ ಅನ್ನುತ್ತಾಳೆ. ಸ್ವಲ್ಪ ತಡೆದು, ನನಗೆ ಕೇಳಿಸಲಿಲ್ಲವೇನೋ ಅಂದುಕೊಂಡು, ಮತ್ತೆ ಹೂಂ ಅನ್ನುತ್ತಾಳೆ.